ಹಿಂಗಾಲು ಸ್ವಾಧೀನವಿಲ್ಲದ ನಾಯಿಯನ್ನು ಬೇರೆ ದೇಶದಿಂದ ದತ್ತು ತರುವುದು ಸರಿಯೇ?

ಪ್ರಶ್ನೆ

ಬೇರೆ ದೇಶದ ಆಶ್ರಯಧಾಮವೊಂದರಲ್ಲಿರುವ ಹೆಣ್ಣುನಾಯಿಯೊಂದನ್ನು ದತ್ತು ತೆಗೆದುಕೊಳ್ಳಬೇಕೆಂದು ನಾನೂ ನನ್ನ ಪತ್ನಿಯೂ ಎರಡು ತಿಂಗಳಿಂದ ಯೋಚಿಸುತ್ತಿದ್ದೇವೆ. ಅದಕ್ಕೆ ಸುಮಾರು ಮೂರು ವರ್ಷ ವಯಸ್ಸು, 14 ಕಿಲೋ ತೂಕ. ವಾಹನ ಬಡಿದು ಬೆನ್ನುಮೂಳೆ ಮುರಿದುಕೊಂಡು ರಸ್ತೆಬದಿಯಲ್ಲಿ ಬಿದ್ದಿತ್ತಂತೆ. ಜೀವ ಉಳಿದರೂ ಹಿಂಗಾಲುಗಳೆರಡೂ ಸ್ವಾಧೀನ ತಪ್ಪಿವೆ. ನಾವು ಮೊದಲು ನೋಡಿದ ವಿಡಿಯೊದಲ್ಲಿ ಅದು ಎರಡು ಗಾಲಿಯ ಕುರ್ಚಿಗೆ ಸೊಂಟ ಕಟ್ಟಿಸಿಕೊಂಡು, ಉಳಿದ ನಾಯಿಗಳನ್ನೆಲ್ಲ ಹಿಂದಿಕ್ಕಿ ಅಂಗಳದ ಈ ತುದಿಯಿಂದ ಆ ತುದಿಗೆ ಓಡುತ್ತಿತ್ತು. ಅಂದಿನಿಂದ ಅದು ನಮ್ಮ ಮನಸ್ಸಿನಿಂದ ಕದಲಿಲ್ಲ.

ಆದರೆ ಕನಿಕರವೊಂದನ್ನೇ ನೆಚ್ಚಿಕೊಂಡು ಇಂಥ ನಿರ್ಧಾರ ಮಾಡಬಾರದೆಂಬ ಎಚ್ಚರವೂ ನಮಗಿದೆ. ಈ ಹಿಂದೆ ನಾವು ಒಂದು ನಾಯಿಯನ್ನು ಮರಿಯಿಂದ ಮುಪ್ಪಿನವರೆಗೆ ಸಾಕಿದ್ದೇವೆ, ಅದರ ಕೊನೆಯ ದಿನಗಳ ಆರೈಕೆಯನ್ನೂ ಮಾಡಿದ್ದೇವೆ. ಆದರೆ ಅಂಗವೈಕಲ್ಯವಿರುವ ನಾಯಿಯೊಂದಿಗೆ ಒಂದು ದಿನವೂ ಕಳೆದವರಲ್ಲ. ನನ್ನ ಪತ್ನಿ ಮನೆಯಿಂದಲೇ ಕೆಲಸ ಮಾಡುತ್ತಾರೆ, ನಾನು ಸಂಜೆಗೆ ಮರಳುತ್ತೇನೆ. ಆಶ್ರಯಧಾಮದವರು ನಮ್ಮ ಪತ್ರಗಳಿಗೆಲ್ಲ ಪ್ರೀತಿಯಿಂದ ಉತ್ತರಿಸುತ್ತಾರಾದರೂ, ಅವರು ಹೇಳುವುದೆಲ್ಲ ಅದರ ಸ್ವಭಾವ ಎಷ್ಟು ಒಳ್ಳೆಯದು ಎಂಬುದನ್ನೇ ಹೊರತು ಅದರ ದಿನ ಹೇಗೆ ಸಾಗುತ್ತದೆ ಎಂಬುದನ್ನಲ್ಲ, ಮತ್ತು ಏನು ಕೇಳಬೇಕೆಂಬುದು ನಮಗೂ ತೋಚುತ್ತಿಲ್ಲ.

ಅವರನ್ನು ನಾವು ಏನು ಕೇಳಬೇಕು? ಇಂಥ ನಾಯಿಯನ್ನು ಗೂಡಿನಲ್ಲಿ ಹಾಕಿ ವಿಮಾನದಲ್ಲಿ ತರಿಸಿಕೊಳ್ಳುವುದು ಅದಕ್ಕೆ ಹಿಂಸೆಯಾಗುವುದಿಲ್ಲವೇ? ಹತ್ತಿರದ ಆಶ್ರಯಧಾಮಗಳಲ್ಲೇ ಇಷ್ಟು ನಾಯಿಗಳಿರುವಾಗ ಅಷ್ಟು ದೂರದಿಂದೇಕೆ ಎಂದು ಬಂಧುಗಳು ಕೇಳುತ್ತಾರೆ. ಆ ಮಾತಿಗೂ ನಮ್ಮಲ್ಲಿ ಸರಿಯಾದ ಉತ್ತರವಿಲ್ಲ. ಅನುಭವವಿರುವವರು ದಯವಿಟ್ಟು ಮುಚ್ಚುಮರೆಯಿಲ್ಲದೆ ತಿಳಿಸಿ.

ಮೊದಲ ಉತ್ತರ

ನಮ್ಮ ಮನೆಯಲ್ಲಿ ಆರು ವರ್ಷಗಳಿಂದ ಇಂಥದೇ ನಾಯಿಯಿದೆ, ಅದೂ ಹೊರದೇಶದಿಂದಲೇ ಬಂದದ್ದು. ಆದ್ದರಿಂದ ನಿಮ್ಮನ್ನು ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಗಾಲಿಕುರ್ಚಿಯ ವಿಡಿಯೊವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ, ಏಕೆಂದರೆ ಕುರ್ಚಿಯಲ್ಲಿ ಓಡುವುದು ಅದರ ದಿನದಲ್ಲಿ ಒಂದು ಗಂಟೆಯಷ್ಟು ಇದ್ದೀತು. ಉಳಿದ ಹೊತ್ತಿನಲ್ಲಿ ನಿಮಗೂ ಅದಕ್ಕೂ ನಡುವೆ ಇರುವ ಮುಖ್ಯ ವಿಷಯ ಕಾಲಲ್ಲ, ಮೂತ್ರಕೋಶ. ಬೆನ್ನುಹುರಿಗೆ ಪೆಟ್ಟಾದ ನಾಯಿಗಳಲ್ಲಿ ಹೆಚ್ಚಿನವು ತಾವಾಗಿಯೇ ಪೂರ್ತಿ ಮೂತ್ರ ವಿಸರ್ಜಿಸಲಾರವು. ದಿನಕ್ಕೆ ಮೂರು ನಾಲ್ಕು ಬಾರಿ, ಹಬ್ಬವಿರಲಿ ಜ್ವರವಿರಲಿ, ಅದರ ಹೊಟ್ಟೆಯನ್ನು ಒತ್ತಿ ನೀವೇ ಅದನ್ನು ಖಾಲಿ ಮಾಡಿಸಬೇಕು.

ನಾನು ಬೆಳಿಗ್ಗೆ ಐದೂವರೆಗೆ ನಮ್ಮ ನಾಯಿಯನ್ನು ಎತ್ತಿ ನನ್ನ ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿಕೊಳ್ಳುತ್ತೇನೆ. ಎರಡೂ ಅಂಗೈಗಳನ್ನು ಹೊಟ್ಟೆಯ ಇಕ್ಕೆಲಗಳಲ್ಲಿ, ತೊಡೆಗೆ ತುಸು ಮುಂದಕ್ಕೆ ಚಪ್ಪಟೆಯಾಗಿಟ್ಟು, ಬೆರಳ ತುದಿಗಳಿಂದ ಚುಚ್ಚದೆ ಇಡೀ ಅಂಗೈಯಿಂದ ಮೆಲ್ಲಗೆ ಒಳಕ್ಕೂ ಹಿಂದಕ್ಕೂ ಒತ್ತುತ್ತೇನೆ. ತುಂಬಿದ ಮೂತ್ರಕೋಶ ನೀರು ತುಂಬಿದ ಬಲೂನಿನಂತೆ ಕೈಗೆ ಹತ್ತುತ್ತದೆ. ಧಾರೆ ಸಣ್ಣದಾಗುತ್ತ ಬಂದು ನಿಂತಾಗ ಮುಗಿಯಿತೆಂದು ಬಿಟ್ಟುಬಿಡಬಾರದು. ಒಂದೆರಡು ಉಸಿರಿನಷ್ಟು ಹೊತ್ತು ಬಿಟ್ಟು ಮತ್ತೆ ಒತ್ತಿದರೆ ಇನ್ನಷ್ಟು ಬರುತ್ತದೆ. ಉಳಿದುಹೋದ ಆ ಸ್ವಲ್ಪದಲ್ಲೇ ಸೋಂಕು ಬೆಳೆಯುವುದು. ಈ ಕೈಹಿಡಿತ ನನಗೆ ಸಿಗಲು ಮೂರು ವಾರ ಬೇಕಾಯಿತು, ಮತ್ತು ಆ ಮೂರು ವಾರ ನಮ್ಮಿಬ್ಬರಿಗೂ ಬಹಳ ಕಷ್ಟದವು: ಪರಿಚಯವಿಲ್ಲದ ಮನೆಗೆ ಬಂದ ನಾಯಿಯ ಹೊಟ್ಟೆಯನ್ನು ಪರಿಚಯವಿಲ್ಲದ ಮನುಷ್ಯನೊಬ್ಬ ದಿನಕ್ಕೆ ನಾಲ್ಕು ಬಾರಿ ಒತ್ತುವುದೆಂದರೆ ಅದು ಏನೆಂದುಕೊಳ್ಳಬೇಕು? ಅದು ಹೊಟ್ಟೆಯನ್ನು ಕಲ್ಲಿನಂತೆ ಬಿಗಿಹಿಡಿಯುತ್ತಿತ್ತು. ಹೆದರಿದ ಬೇರೆ ನಾಯಿ ಓಡಿಹೋಗಬಲ್ಲದು. ಓಡಲಾಗದ ನಾಯಿಗೆ ಉಳಿಯುವ ದಾರಿ ಕಚ್ಚುವುದೊಂದೇ. ಎರಡು ಸಲ ಕಚ್ಚಿಸಿಕೊಂಡಿದ್ದೇನೆ, ಅದರಲ್ಲಿ ಅದರ ತಪ್ಪಿರಲಿಲ್ಲ.

ಆಶ್ರಯಧಾಮದವರನ್ನು ಮೊಟ್ಟಮೊದಲು ಕೇಳಬೇಕಾದ್ದು ಇದನ್ನೇ. ಮೂತ್ರ ತಾನಾಗಿ ಹೋಗುತ್ತದೆ ಎಂದು ಅವರು ಹೇಳಿದರೆ, ಅದು ಹೇಗೆಂದು ಮತ್ತೆ ಕೇಳಿ. ಪೆಟ್ಟು ಬೆನ್ನಿನ ನಡುಭಾಗದಲ್ಲಾಗಿದ್ದರೆ ಮೂತ್ರಕೋಶದ ಬಾಯಿ ಬಿಗಿಯಾಗಿಯೇ ಉಳಿದು, ಒಳಗೆ ತುಂಬಿ ತುಳುಕಿದಾಗ ಮಾತ್ರ ಹನಿಹನಿಯಾಗಿ ಸೋರುತ್ತದೆ. ನೋಡುವವರು ಅದನ್ನೇ ನಾಯಿ ಮೂತ್ರ ಮಾಡಿತು ಎಂದುಕೊಳ್ಳುತ್ತಾರೆ. ಒಳಗೆ ಕೋಶ ಹಿಗ್ಗಿ ಹಿಗ್ಗಿ ಸತ್ವ ಕಳೆದುಕೊಳ್ಳುತ್ತಿರುತ್ತದೆ. ಪೆಟ್ಟು ಇನ್ನೂ ಕೆಳಗೆ, ಸೊಂಟದ ಹತ್ತಿರವಾಗಿದ್ದರೆ ಬಾಯಿ ಸಡಿಲಾಗಿ ಸದಾ ಒಸರುತ್ತಿರುತ್ತದೆ; ಒತ್ತುವುದು ಸುಲಭ, ಆದರೆ ಚರ್ಮ ಒದ್ದೆಯಾಗಿ ಹುಣ್ಣಾಗದಂತೆ ಕಾಯುವುದೇ ದೊಡ್ಡ ಕೆಲಸವಾಗುತ್ತದೆ. ಈ ಎರಡರಲ್ಲಿ ನಿಮ್ಮ ನಾಯಿಯದು ಯಾವುದು ಎಂದು ಗೊತ್ತಾದರೆ ನಿಮ್ಮ ಮುಂದಿನ ಹತ್ತು ವರ್ಷದ ದಿನಚರಿ ಅರ್ಧದಷ್ಟು ಗೊತ್ತಾದಂತೆ.

ಮಿಕ್ಕ ಆರೈಕೆ ಇದರಷ್ಟು ಕಠಿಣವಲ್ಲ. ಗಾಲಿಕುರ್ಚಿಯಲ್ಲಿ ನಾಯಿ ಮಲಗಲಾಗದು, ಆದ್ದರಿಂದ ಅದನ್ನು ಕಟ್ಟಿ ಕಣ್ಣುತಪ್ಪಿಸಿ ಹೋಗುವಂತಿಲ್ಲ. ಅರ್ಧ ಗಂಟೆಗೆ ಬಿಚ್ಚಿ, ಪಟ್ಟಿ ಉಜ್ಜಿದ ಕಡೆಯೆಲ್ಲ ಬೆರಳಾಡಿಸಿ ನೋಡಬೇಕು. ನೆಲದ ಮೇಲೆ ತೆವಳುವಾಗ ಸವೆಯುವ ಪಾದದ ಮೇಲ್ಭಾಗ, ಮಲಗಿದಾಗ ಒತ್ತುವ ಸೊಂಟದ ಎಲುಬು, ಇವುಗಳ ಮೇಲೆ ದಿನವೂ ಕಣ್ಣಿರಲಿ, ಏಕೆಂದರೆ ಅಲ್ಲಿ ಗಾಯವಾದರೆ ಅದಕ್ಕೆ ತಿಳಿಯುವುದಿಲ್ಲ. ಸ್ಪರ್ಶವಿಲ್ಲದ ತನ್ನದೇ ಕಾಲ್ಬೆರಳನ್ನು ಕಚ್ಚಿಕೊಂಡು ಹರಿದುಕೊಳ್ಳುವ ನಾಯಿಗಳೂ ಇವೆ. ಆ ಅಭ್ಯಾಸವಿದೆಯೇ ಎಂದು ಕೇಳಲು ಸಂಕೋಚಪಡಬೇಡಿ. ತೂಕ ಏರದಂತೆ ನೋಡಿಕೊಳ್ಳಬೇಕು, ಏಕೆಂದರೆ ಇಡೀ ದೇಹವನ್ನು ಎಳೆಯುವ ಭುಜಗಳು ಎರಡೇ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಅದನ್ನು ಕರೆಸಿಕೊಳ್ಳುವ ಮುನ್ನ ನೀವೇ ಅಲ್ಲಿಗೆ ಹೋಗಿ. ಕೆಲವು ದಿನ ಇದ್ದು, ಅದನ್ನು ನೋಡಿಕೊಳ್ಳುವವರ ಪಕ್ಕದಲ್ಲಿ ಕುಳಿತು, ಅವರ ಕೈ ಮೇಲೆ ಕೈಯಿಟ್ಟು ಕಲಿಯಿರಿ. ನಾನು ಹೋಗಲಿಲ್ಲ, ಆ ಮೂರು ವಾರ ಬೆಲೆ ತೆತ್ತದ್ದು ನಾಯಿ.

ಎರಡನೆಯ ಉತ್ತರ

ನಾನು ಪಶುವೈದ್ಯ. ಮೇಲಿನವರು ಆರೈಕೆಯ ಬಗ್ಗೆ ಹೇಳಿದ್ದು ಅಕ್ಷರಶಃ ಸರಿ. ಅದಕ್ಕೆ ಇಷ್ಟು ಸೇರಿಸುತ್ತೇನೆ: ಮೂತ್ರ ಕಲಕಿದ್ದರೂ, ನಾರುತ್ತಿದ್ದರೂ, ರಕ್ತ ಕಂಡರೂ ಕಾಯದೆ ಪರೀಕ್ಷೆ ಮಾಡಿಸಿ, ಇಂಥ ನಾಯಿಗೆ ಉರಿ ಗೊತ್ತಾಗದ ಕಾರಣ, ಲಕ್ಷಣವಿಲ್ಲದಿದ್ದರೂ ಕೆಲವು ತಿಂಗಳಿಗೊಮ್ಮೆ ಮೂತ್ರದ ಕಲ್ಚರ್, ಅಂದರೆ ಅದರಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸುವುದು ಒಳ್ಳೆಯದು.

ನಾನು ಕೇಳುವ ಮೊದಲ ಪ್ರಶ್ನೆ ಬೇರೆ. ಇದು ನಿಜವಾಗಿಯೂ ಗಾಯವೇ, ಅಥವಾ ರೋಗವೇ? ಗಾಯವಾದರೆ ಇಂದಿನ ಸ್ಥಿತಿ ಬಹುಮಟ್ಟಿಗೆ ಸ್ಥಿರವಾಗಿರುತ್ತದೆ. ಆದರೆ ಬೆನ್ನಿನ ಡಿಸ್ಕ್ ಜಾರಿದ್ದರಿಂದ, ಬೆನ್ನುಹುರಿ ನಿಧಾನವಾಗಿ ಕ್ಷಯಿಸುವ ವಂಶವಾಹಿ ಕಾಯಿಲೆಯಿಂದ ಅಥವಾ ಡಿಸ್ಟೆಂಪರ್ ವೈರಸ್ ನರಮಂಡಲಕ್ಕೆ ಮಾಡಿದ ಹಾನಿಯಿಂದಲೂ ಹಿಂಗಾಲು ಬೀಳುತ್ತವೆ. ಕ್ಷಯಿಸುವ ಕಾಯಿಲೆ ಸಾಮಾನ್ಯವಾಗಿ ಇಳಿವಯಸ್ಸಿನದು, ಮೂರು ವರ್ಷದ ನಾಯಿಗೆ ಅದರ ಸಂಭವ ಕಡಿಮೆ. ಡಿಸ್ಟೆಂಪರ್ ಹಾಗಲ್ಲ, ಅದರಿಂದ ಬದುಕುಳಿದ ನಾಯಿಗೆ ಮುಂದೆ ಫಿಟ್ಸ್ ಬರಬಹುದು, ಸ್ನಾಯುಗಳು ಅದುರುತ್ತಲೇ ಇರಬಹುದು. ಆದ್ದರಿಂದ ಅಪಘಾತವಾಯಿತಂತೆ ಎಂಬ ಮಾತಿಗೆ ಬದಲಾಗಿ, ಮುರಿತ ತೋರಿಸುವ ಎಕ್ಸ್-ರೇ ಮತ್ತು ಅಲ್ಲಿನ ವೈದ್ಯರ ನರಪರೀಕ್ಷೆಯ ಟಿಪ್ಪಣಿ ಕಳಿಸಲು ಹೇಳಿ. ಆ ಟಿಪ್ಪಣಿಯಲ್ಲಿ ಆಳದ ನೋವಿನ ಅರಿವು ಇದೆಯೋ ಇಲ್ಲವೋ ಎಂದು ಬರೆದಿರಬೇಕು. ಕಾಲ್ಬೆರಳ ಎಲುಬನ್ನು ಉಪಕರಣದಿಂದ ಗಟ್ಟಿಯಾಗಿ ಒತ್ತಿದಾಗ ನಾಯಿ ತಲೆ ತಿರುಗಿಸಿ ನೋಡಿದರೆ ಅಥವಾ ಕೂಗಿದರೆ ಮಾತ್ರ ಅರಿವಿದೆ ಎಂದರ್ಥ. ಕಾಲನ್ನು ಹಿಂದಕ್ಕೆ ಎಳೆದುಕೊಂಡದ್ದನ್ನು ಕಂಡು ಕೆಲವರು ಆಸೆಪಡುತ್ತಾರೆ. ಅದು ಬೆನ್ನುಹುರಿಯ ಪ್ರತಿಕ್ರಿಯೆ ಅಷ್ಟೇ, ಮೆದುಳಿಗೆ ಸುದ್ದಿ ಮುಟ್ಟಿರುವುದಿಲ್ಲ. ಅರಿವು ಇಲ್ಲವಾಗಿ ತಿಂಗಳುಗಳೇ ಕಳೆದಿದ್ದರೆ, ಮುಂದೆ ನಡೆದೀತು ಎಂಬ ಭರವಸೆಯನ್ನು ಇಟ್ಟುಕೊಳ್ಳದೆ, ಈಗ ಹೇಗಿದೆಯೋ ಹಾಗೆಯೇ ಒಪ್ಪಿಕೊಂಡು ತನ್ನಿ.

ಇನ್ನು ಕಾಲಿಗೆ ಸಂಬಂಧವಿಲ್ಲದ ಕಾಯಿಲೆಗಳು. ಮೆಡಿಟರೇನಿಯನ್ ಸುತ್ತಮುತ್ತಲ ದೇಶಗಳಿಂದ ಬರುವ ನಾಯಿಗಳಲ್ಲಿ ಲೀಶ್ಮೇನಿಯಾ ಎಂಬ ಪರೋಪಜೀವಿಯ ಸೋಂಕು ಮರಳುನೊಣದಿಂದ ಹರಡಿರಬಹುದು. ಲಕ್ಷಣ ಕಾಣಿಸಿಕೊಳ್ಳಲು ತಿಂಗಳುಗಳಲ್ಲ, ವರ್ಷಗಳೇ ಹಿಡಿಯಬಹುದು, ಮದ್ದು ಬಹುಕಾಲ ಬೇಕಾಗುತ್ತದೆ. ರಕ್ತ ಹೀರುವ ಉಣ್ಣಿಗಳಿಂದ ಬರುವ ಎರ್ಲಿಕಿಯಾ, ಬಬೀಸಿಯಾ ಎಂಬ ಸೋಂಕುಗಳಿಗೂ ರಕ್ತಪರೀಕ್ಷೆ ಬೇಕು. ಹೃದಯಹುಳುವಿನ ಸಾಮಾನ್ಯ ಪರೀಕ್ಷೆ ಬೆಳೆದ ಹೆಣ್ಣುಹುಳುಗಳನ್ನಷ್ಟೇ ಪತ್ತೆಹಚ್ಚುವುದರಿಂದ, ಸೋಂಕು ತಗುಲಿ ಆರು ತಿಂಗಳಾಗುವವರೆಗೆ ಇಲ್ಲವೆಂದೇ ತೋರಿಸಬಹುದು. ಬಂದ ಮೇಲೆ ಮತ್ತೊಮ್ಮೆ ಮಾಡಿಸಿ. ನಿಮ್ಮ ವಿಷಯದಲ್ಲಿ ನಾನು ಬಿಡಬೇಡಿ ಎನ್ನುವುದು ಬ್ರೂಸೆಲ್ಲಾ ಕೇನಿಸ್ ಪರೀಕ್ಷೆಯನ್ನು. ಆ ಬ್ಯಾಕ್ಟೀರಿಯಾ ಮೂತ್ರದಲ್ಲೂ ಇರುತ್ತದೆ, ಮನುಷ್ಯರಿಗೂ ತಗಲುತ್ತದೆ, ಮದ್ದು ಕೊಟ್ಟರೂ ನಾಯಿಯ ದೇಹದಿಂದ ಪೂರ್ತಿ ಹೋಯಿತೆಂದು ಹೇಳಲು ಬರುವುದಿಲ್ಲ; ಮತ್ತು ನಿಮ್ಮ ಕೈ ದಿನಕ್ಕೆ ನಾಲ್ಕು ಬಾರಿ ಅದರ ಮೂತ್ರದ ಹತ್ತಿರವೇ ಇರುತ್ತದೆ. ಮನೆಯಲ್ಲಿ ಗರ್ಭಿಣಿಯರೋ ರೋಗನಿರೋಧಕ ಶಕ್ತಿ ಕುಂದಿದವರೋ ಇದ್ದರೆ ಇದು ಇನ್ನೂ ಮುಖ್ಯ.

ಕಾಗದಪತ್ರಗಳ ಮಾತಿಗೆ ಬರುವುದಾದರೆ, ನಿಯಮ ದೇಶದಿಂದ ದೇಶಕ್ಕೆ ಬೇರೆ. ಐರೋಪ್ಯ ಒಕ್ಕೂಟದಲ್ಲಿ ಮೈಕ್ರೋಚಿಪ್ ಮೊದಲು, ರೇಬೀಸ್ ಲಸಿಕೆ ಆಮೇಲೆ ಅಥವಾ ಅದೇ ದಿನ. ಕ್ರಮ ತಪ್ಪಿದರೆ ಲಸಿಕೆ ಲೆಕ್ಕಕ್ಕಿಲ್ಲ. ಮೊದಲ ಲಸಿಕೆಗೆ ಕನಿಷ್ಠ 12 ವಾರದ ವಯಸ್ಸಾಗಿರಬೇಕು, ಆಮೇಲೆ 21 ದಿನ ಕಾಯಬೇಕು. ರೇಬೀಸ್ ಹತೋಟಿಯಲ್ಲಿರುವ ದೇಶಗಳ ಪಟ್ಟಿಯಲ್ಲಿಲ್ಲದ ಕಡೆಯಿಂದ ಬರುವುದಾದರೆ ಲಸಿಕೆಯ 30 ದಿನಗಳ ನಂತರ ರಕ್ತ ತೆಗೆದು, ರೇಬೀಸ್ ಪ್ರತಿಕಾಯದ ಪ್ರಮಾಣ ಮಿಲಿಲೀಟರಿಗೆ ಕನಿಷ್ಠ 0.5 ಅಂತರರಾಷ್ಟ್ರೀಯ ಯೂನಿಟ್ ಇದೆಯೆಂದು ಮಾನ್ಯತೆ ಪಡೆದ ಪ್ರಯೋಗಾಲಯದಿಂದ ದೃಢಪಡಿಸಿಕೊಂಡು, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಬ್ರಿಟನ್ ಇದರ ಮೇಲೆ, ತಲುಪುವ ಮುನ್ನ 24ರಿಂದ 120 ಗಂಟೆಗಳ ಅವಧಿಯಲ್ಲಿ ಲಾಡಿಹುಳುವಿನ ಮದ್ದು ಕೊಡಿಸಿರಬೇಕು ಎನ್ನುತ್ತದೆ. ಅಮೆರಿಕವು 2024ರ ಆಗಸ್ಟ್ 1ರಿಂದ, ಒಳಬರುವ ನಾಯಿಗೆ ಕನಿಷ್ಠ ಆರು ತಿಂಗಳಾಗಿರಬೇಕು, ಚಿಪ್ ಇರಬೇಕು, ಬಂದಿಳಿದಾಗ ಆರೋಗ್ಯವಾಗಿ ಕಾಣಬೇಕು ಎಂದು ನಿಯಮ ಮಾಡಿದೆ. ಹಾಗಾಗಿ ಕಾಲಿನ ಸ್ಥಿತಿ ಹಳೆಯ ಗಾಯದ್ದು, ಸೋಂಕಿನದಲ್ಲ ಎಂದು ವಿವರಿಸುವ ವೈದ್ಯರ ಪತ್ರ ಜತೆಗಿರುವುದು ಲೇಸು. ಆಸ್ಟ್ರೇಲಿಯಾದಲ್ಲಿ ಕನಿಷ್ಠ 10 ದಿನಗಳ ಕ್ವಾರಂಟೈನ್ ಇದೆ. ಅಂಥ ಕಡೆ, ಆ ಹತ್ತು ದಿನ ಮೂತ್ರ ತೆಗೆಯುವವರು ಯಾರು ಎಂಬುದಕ್ಕೆ ಉತ್ತರ ಸಿಗದೆ ನಾಯಿಯನ್ನು ಹೊರಡಿಸಲೇಬಾರದು. ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿದಿಲ್ಲ: ಮಾಲೀಕತ್ವ ಬದಲಾಗುವ ಸಾಗಣೆಗೆ ಯುರೋಪ್ ಮತ್ತು ಬ್ರಿಟನ್‌ಗಳಲ್ಲಿ ಸಾಕುಪ್ರಾಣಿಯ ಸರಳ ನಿಯಮ ಅನ್ವಯಿಸುವುದಿಲ್ಲ, ವಾಣಿಜ್ಯ ಆಮದಿನ ನಿಯಮವೇ ಅನ್ವಯಿಸುತ್ತದೆ. ಯಾರೋ ಪ್ರಯಾಣಿಕರ ಕೈಯಲ್ಲಿ ಅವರದೇ ನಾಯಿಯೆಂಬಂತೆ ಕಳಿಸುತ್ತೇವೆ ಎಂದರೆ ಒಪ್ಪಬೇಡಿ.

ಪ್ರಯಾಣ ಹಿಂಸೆಯೇ ಎಂದು ಕೇಳಿದ್ದೀರಿ. ಆಯಾಸವಂತೂ ಹೌದು. ವಿಮಾನದ ಹಾರಾಟ ಒಂಬತ್ತು ಗಂಟೆಯದಾದರೆ, ಮುಂಚಿತವಾಗಿ ಒಪ್ಪಿಸುವ ಹೊತ್ತು, ಇಳಿದ ಮೇಲಿನ ತಪಾಸಣೆಯ ಹೊತ್ತು ಸೇರಿ ಹದಿನಾರು ಗಂಟೆ ಸುಲಭವಾಗಿ ಆಗುತ್ತದೆ; ಅಷ್ಟು ಹೊತ್ತು ಮೂತ್ರಕೋಶ ತುಂಬಿಕೊಂಡಿರುವುದು ಸರಿಯಲ್ಲ. ನೇರ ವಿಮಾನವನ್ನೇ ಹುಡುಕಿ, ಗೂಡಿಗೆ ಹಾಕುವ ಕೊನೆಯ ಕ್ಷಣದಲ್ಲೂ ಇಳಿದ ಕೂಡಲೇ ಮೊದಲ ಕೆಲಸವಾಗಿಯೂ ಖಾಲಿ ಮಾಡಿಸಿ. ಹಾದಿ ಅದಕ್ಕಿಂತ ಉದ್ದವಾದರೆ, ನಡುವೆ ಇಳಿಸಿ ಆರೈಕೆ ಮಾಡುವ ವ್ಯವಸ್ಥೆಯಿರುವ ಸಾಗಣೆದಾರರೇ ಬೇಕು. ಅದುಮಿದರೆ ಕುಗ್ಗದ ದಪ್ಪ ಹಾಸಿಗೆ, ಅದರ ಮೇಲೆ ತೇವ ಹೀರುವ ಹಾಸು ಇರಲಿ. ನಿದ್ದೆಮದ್ದು ಕೊಟ್ಟು ಕಳಿಸಿ ಎಂದು ಕೇಳಬೇಡಿ. ಎತ್ತರದಲ್ಲಿ ಉಸಿರಾಟಕ್ಕೂ ರಕ್ತದೊತ್ತಡಕ್ಕೂ ಅಪಾಯವಿರುವುದರಿಂದ ವಿಮಾನ ಸಂಸ್ಥೆಗಳೇ ಸಾಮಾನ್ಯವಾಗಿ ಅಂಥ ನಾಯಿಯನ್ನು ಹತ್ತಿಸಿಕೊಳ್ಳುವುದಿಲ್ಲ. ಅದರ ಬದಲು, ಹೊರಡುವ ಕೆಲವು ವಾರ ಮೊದಲಿನಿಂದ ಅದೇ ಗೂಡಿನಲ್ಲಿ ಊಟ, ನಿದ್ದೆ ಮಾಡಿಸಿ ರೂಢಿ ಮಾಡಿಸಲಿ.

ಮೂರನೆಯ ಉತ್ತರ

ನನ್ನ ಅನುಭವ ಒಳ್ಳೆಯದಲ್ಲ, ಆದರೂ ಹೇಳದೆ ಇರಲಾರೆ. ನಾಲ್ಕು ವರ್ಷದ ಹಿಂದೆ ನಾವು ತರಿಸಿಕೊಂಡ ನಾಯಿಗೆ ಅಪಘಾತದಿಂದ ನಡಿಗೆ ಸ್ವಲ್ಪ ತೂರಾಡುತ್ತದೆ, ಅಷ್ಟೇ ಎಂದಿದ್ದರು. ಬಂದ ಹನ್ನೊಂದನೆಯ ದಿನ ರಾತ್ರಿ ಅಡುಗೆಮನೆಯ ನೆಲದ ಮೇಲೆ ಅದಕ್ಕೆ ಮೊದಲ ಫಿಟ್ಸ್ ಬಂತು. ನಮ್ಮ ವೈದ್ಯರು ಪರೀಕ್ಷಿಸಿ, ಇದು ಪೆಟ್ಟಿನದಲ್ಲ, ಹಿಂದೆ ಬಂದುಹೋದ ಡಿಸ್ಟೆಂಪರಿನದು ಎಂದರು. ಕಳಿಸಿದ ಸಂಸ್ಥೆಗೆ ಬರೆದೆವು. ನಾಲ್ಕು ಪತ್ರಗಳಿಗೆ ಒಂದು ಉತ್ತರ ಬಂತು, ಅದರಲ್ಲಿ ನಮ್ಮ ತಾಳ್ಮೆಯನ್ನು ಹೊಗಳಿದ್ದರು. ನಾಯಿಯನ್ನು ಹಿಂತಿರುಗಿಸುವುದಾದರೆ ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಅದು ಎರಡು ವರ್ಷ ಮೂರು ತಿಂಗಳು ನಮ್ಮೊಂದಿಗಿತ್ತು. ಅದನ್ನು ತಂದದ್ದಕ್ಕೆ ನಮಗೆ ವಿಷಾದವಿಲ್ಲ. ನಿಜವನ್ನು ಮೊದಲೇ ಹೇಳಿದ್ದರೆ ಮದ್ದನ್ನು ಮೊದಲ ದಿನದಿಂದಲೇ ಸಿದ್ಧಮಾಡಿಕೊಂಡಿರುತ್ತಿದ್ದೆವು, ಆ ರಾತ್ರಿ ಅದು ಅಷ್ಟು ಹೊತ್ತು ನರಳಬೇಕಾಗಿರಲಿಲ್ಲ ಎಂಬ ನೋವು ಮಾತ್ರ ಹೋಗಿಲ್ಲ.

ಆದ್ದರಿಂದ ಒಪ್ಪಂದದ ಕಾಗದದಲ್ಲಿ, ಹೊಂದಾಣಿಕೆಯಾಗದಿದ್ದರೆ ನೀವಿರುವ ದೇಶದಲ್ಲೇ ನಾಯಿಯನ್ನು ತೆಗೆದುಕೊಳ್ಳುವವರು ಯಾರು ಎಂಬುದು ಬರೆದಿದೆಯೇ ನೋಡಿ. ಅಷ್ಟು ದೂರಕ್ಕೆ ಇಂಥ ನಾಯಿಯನ್ನು ಮತ್ತೆ ಕಳಿಸಲಾಗುವುದಿಲ್ಲ. ಅಲ್ಲದೆ ಯಾವ ಸಿದ್ಧತೆಯೂ ಇಲ್ಲದ ಒಂದು ಸಾಮಾನ್ಯ ದಿನದ ವಿಡಿಯೊ ಕೇಳಿ: ಬೆಳಗ್ಗೆ ಎಬ್ಬಿಸುವುದು, ಮೂತ್ರ ತೆಗೆಯುವುದು, ಮೈ ಒರೆಸುವುದು, ಬೇರೆ ನಾಯಿ ಅದರ ತಟ್ಟೆಯ ಹತ್ತಿರ ಬಂದಾಗ ಅದು ಮಾಡುವುದು. ಓಡುವ ವಿಡಿಯೊ ಕಳಿಸುವವರಿಗೆ ಇದನ್ನು ಕಳಿಸಲು ಕಷ್ಟವಾಗಬಾರದು.

ಹತ್ತಿರದ ನಾಯಿಯನ್ನೇ ಏಕೆ ತರಬಾರದು ಎಂಬ ನಿಮ್ಮ ಬಂಧುಗಳ ಪ್ರಶ್ನೆ ನ್ಯಾಯವಾದದ್ದೇ. ಹತ್ತಿರದ್ದನ್ನು ಹತ್ತು ಸಲ ಹೋಗಿ ನೋಡಬಹುದು. ನಿಮ್ಮ ಮನಸ್ಸು ಇಂಥ ಯಾವುದಾದರೂ ನಾಯಿಗೆ ಮನೆಯಾಗಬೇಕು ಎನ್ನುತ್ತಿದ್ದರೆ ಹತ್ತಿರ ಹುಡುಕಿ. ಈ ನಾಯಿಯೇ ಬೇಕು ಎನ್ನುತ್ತಿದ್ದರೆ ಆ ಮಾತು ಬೇರೆ, ಅದಕ್ಕೆ ಬಂಧುಗಳಿಗೆ ಸಮಜಾಯಿಷಿ ಕೊಡಬೇಕಾದ ಅಗತ್ಯವಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ಇಟ್ಟುಕೊಂಡೇ ಆಶ್ರಯಧಾಮಕ್ಕೆ ಬರೆದೆವು. ಎಕ್ಸ್-ರೇ ಬಂದಿದೆ, ನಮ್ಮ ವೈದ್ಯರು ನೋಡಿ, ಬೆನ್ನಿನ ನಡುಭಾಗದಲ್ಲಿ ಹಳೆಯ ಮುರಿತ ಸ್ಪಷ್ಟವಾಗಿದೆ ಎಂದರು. ಆಳದ ನೋವಿನ ಅರಿವು ಇಲ್ಲ ಎಂದು ಅಲ್ಲಿನವರೇ ಬರೆದಿದ್ದಾರೆ. ಮೂತ್ರವನ್ನು ದಿನಕ್ಕೆ ಮೂರು ಬಾರಿ ಕೈಯಿಂದ ತೆಗೆಯುತ್ತಾರಂತೆ. ನಾವು ಕೇಳದಿದ್ದರೆ ಹೇಳುತ್ತಿದ್ದರೋ ಇಲ್ಲವೋ ತಿಳಿಯದು, ಆದರೆ ಕೇಳಿದ ಮೇಲೆ ಮುಚ್ಚಿಡಲಿಲ್ಲ. ಬ್ರೂಸೆಲ್ಲಾ ಪರೀಕ್ಷೆಗೆ ರಕ್ತ ಕಳಿಸಿದ್ದಾರೆ. ಅದರ ಫಲಿತಾಂಶ ಬಂದ ಮೇಲೆ, ಎಲ್ಲ ಸರಿಯಿದ್ದರೆ, ನಾವಿಬ್ಬರೂ ಹತ್ತು ದಿನದ ಮಟ್ಟಿಗೆ ಅಲ್ಲಿಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಈ ಹತ್ತು ದಿನಗಳಲ್ಲಿ ಕೈಕೆಲಸವನ್ನು ಬಿಟ್ಟು ಇನ್ನೇನನ್ನು ಗಮನಿಸಬೇಕು?

ಮೊದಲ ಉತ್ತರ ಬರೆದವರು

ಹೋಗುತ್ತಿರುವುದು ತಿಳಿದು ನೆಮ್ಮದಿಯಾಯಿತು. ಗಡಿಯಾರ ನೋಡಿ ಅದರ ಹೊತ್ತುಗಳನ್ನು ಬರೆದುಕೊಳ್ಳಿ, ಮೊದಲ ತಿಂಗಳು ನಿಮ್ಮ ಮನೆಯಲ್ಲೂ ಅದೇ ಹೊತ್ತು ನಡೆಯಲಿ. ಅದು ಮಲಗುವ ಬಟ್ಟೆಯೊಂದನ್ನು ಒಗೆಯದೆ ಹಾಗೆಯೇ ತನ್ನಿ. ಅಲ್ಲಿ ಬಳಸುವ ಗಾಲಿಕುರ್ಚಿ ಹಲವು ನಾಯಿಗಳಿಗೆ ಸೇರಿದ್ದಾಗಿರಬಹುದು, ಆದ್ದರಿಂದ ಸೊಂಟದ ಅಗಲ, ನೆಲದಿಂದ ಎತ್ತರ, ಎದೆಯ ಸುತ್ತಳತೆಗಳನ್ನು ನೀವೇ ಅಳೆದುಕೊಂಡು ಬನ್ನಿ.

ಮತ್ತೆ, ಅದರ ಮೂತ್ರ ತೆಗೆಯುವವರು ಆ ಹೊತ್ತಿನಲ್ಲಿ ಏನು ಮಾತಾಡುತ್ತಾರೆ ಎಂದು ಕಿವಿಗೊಟ್ಟು ಕೇಳಿ. ನಮ್ಮ ನಾಯಿ ಹೊಟ್ಟೆ ಬಿಗಿಹಿಡಿಯುತ್ತಿದ್ದ ಆ ಮೂರು ವಾರಗಳ ಕೊನೆಯಲ್ಲಿ ನಾನು ಸೋತು, ಅಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ವಿಡಿಯೊ ಕರೆ ಮಾಡಿದೆ. ಅವರು ನನ್ನ ಕೈ ಇಟ್ಟ ಜಾಗವನ್ನು ತಿದ್ದುವ ಮೊದಲೇ ನಾಯಿಯನ್ನು ನೋಡಿ ತಮ್ಮ ಭಾಷೆಯಲ್ಲಿ ಎರಡು ಪದ ಹೇಳಿದರು. ನನ್ನ ಅಂಗೈಯಡಿಯಲ್ಲಿ ಅದರ ಹೊಟ್ಟೆ ತಟ್ಟನೆ ಮೆತ್ತಗಾಯಿತು. ಆ ಪದಗಳ ಅರ್ಥ ಹೆಚ್ಚುಕಡಿಮೆ ‘ಆಯಿತು, ಆಯಿತು’ ಎಂದಂತೆ. ನನ್ನ ಉಚ್ಚಾರಣೆ ಸರಿಯಿಲ್ಲವೆಂದು ಅವರು ಈಗಲೂ ನಗುತ್ತಾರೆ, ಆದರೆ ಇಂದು ಬೆಳಿಗ್ಗೆ ಐದೂವರೆಗೂ ನಾನು ಅದನ್ನೇ ಹೇಳಿದೆ.